ಆಂಬುಲೆನ್ಸ್ ಬರುವ ಮೊದಲಿನ ನಿಮಿಷಗಳು

2012ರ ಮಾರ್ಚ್ 17, ಶನಿವಾರ. ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಎಫ್‌ಎ ಕಪ್ ಫುಟ್‌ಬಾಲ್ ಕ್ವಾರ್ಟರ್ ಫೈನಲ್. ಬೋಲ್ಟನ್ ತಂಡದ 23 ವರ್ಷದ ಫ್ಯಾಬ್ರಿಸ್ ಮುವಾಂಬಾ ಇದ್ದಕ್ಕಿದ್ದ ಹಾಗೆ ಹುಲ್ಲಿನ ಮೇಲೆ ಕುಸಿದು ಬಿದ್ದರು. ಯಾರೂ ಅವರಿಗೆ ಡಿಕ್ಕಿ ಹೊಡೆದಿರಲಿಲ್ಲ.

ನಾಲ್ಕು ದಿನ ಕಳೆದು, ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ 'ಎ' ಡಿವಿಷನ್ ಲೀಗ್ ಪಂದ್ಯ. ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಆಟಗಾರರೊಬ್ಬರು ಬದಲಿಯಾಗಿ ಕಣಕ್ಕೆ ಇಳಿದಿದ್ದರು. ಆಟ ಇನ್ನೇನು ಮುಗಿಯಿತು ಅನ್ನುವಾಗ ಅವರೂ ಹಾಗೇ ಕುಸಿದರು.

ಮುವಾಂಬಾ ಅವರ ಹೃದಯ 78 ನಿಮಿಷ ತಾನಾಗಿ ಬಡಿಯಲೇ ಇಲ್ಲ. ಆದರೂ ಅವರು ಬದುಕಿ ಬಂದರು. ಬೆಂಗಳೂರಿನ ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಜೊತೆಗಾರರು ಆ ಆಟಗಾರನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಜೀವ ಉಳಿಯಲಿಲ್ಲ. ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಕೂಡ ಹೀಗೇ ನಮ್ಮ ಕಣ್ಣೆದುರೇ ಹೋಗಿದ್ದರು. ಎರಡನೇ ಗೋಲು ಹೊಡೆಯುವ ಭರದಲ್ಲಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ.

ಬೆಂಗಳೂರಿನಲ್ಲಿ ಸತ್ತವರು ಲಂಡನ್ನಿನಲ್ಲಿ ಇದ್ದಿದ್ದರೆ ಬದುಕುತ್ತಿದ್ದರು ಅಂತ ನಾನು ಹೇಳಲಾರೆ. ಒಂದೊಂದು ಹೃದಯದ ಕತೆ ಒಂದೊಂದು ಥರ. ಆದರೆ ಆ ವಾರದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆಟಗಾರ ನೆಲಕ್ಕೆ ಬಿದ್ದ ಮೇಲಿನ ಮೊದಲ ಎರಡು ಮೂರು ನಿಮಿಷದಲ್ಲಿ ಏನಾಗಬೇಕು? ಅದನ್ನು ಯಾರು ಮಾಡಬೇಕು?

ಮೊದಲು ಒಂದು ಗೊಂದಲ ಬಿಡಿಸೋಣ. ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಎದೆ ನೋಯುತ್ತದೆ, ಬೆವರು ಬರುತ್ತದೆ, ಮನುಷ್ಯ ಮಾತಾಡುತ್ತಲೇ ಇರಬಹುದು. ಕಾರ್ಡಿಯಾಕ್ ಅರೆಸ್ಟ್ ಅಂದರೆ ಹೃದಯದ ಪಂಪ್ ಕೆಲಸವೇ ನಿಂತುಹೋಗುವುದು. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡಬಹುದು, ಆದರೆ ಎರಡೂ ಒಂದೇ ಅಲ್ಲ. ಮೈದಾನದಲ್ಲಿ ಎಳೆಯ ಆಟಗಾರರು ಬೀಳುವುದು ಹೆಚ್ಚಾಗಿ ಹೃದಯದ ಕರೆಂಟ್ ತಾಳ ತಪ್ಪಿದಾಗ.

ಡೊಳ್ಳು ಕುಣಿತ ನೆನಪು ಮಾಡಿಕೊಳ್ಳಿ. ಮುಂದೆ ನಿಂತವನು ತಾಳ ಕೊಡುತ್ತಾನೆ, ಇಪ್ಪತ್ತು ಡೊಳ್ಳು ಒಟ್ಟಿಗೆ ಗುಡುಗುತ್ತವೆ. ಹೃದಯದ ಬಲ ಮೇಲ್ಕೋಣೆಯಲ್ಲಿರುವ ಒಂದು ಚಿಕ್ಕ ಗಂಟು ಆ ತಾಳ ಕೊಡುವವನ ಕೆಲಸ ಮಾಡುತ್ತದೆ. ಅಲ್ಲಿಂದ ಹೊರಟ ಕರೆಂಟ್ ಹೃದಯದ ಸ್ನಾಯುವಿಗೆಲ್ಲ ಸಾಲಾಗಿ ಹರಡಿ, ಅದು ಒಟ್ಟಾಗಿ ಹಿಂಡಿ ರಕ್ತವನ್ನು ಹೊರಗೆ ತಳ್ಳುತ್ತದೆ. ಈಗ ಇಪ್ಪತ್ತು ಜನರೂ ತಮ್ಮ ತಮ್ಮ ಪಾಡಿಗೆ ಬಡಿಯತೊಡಗಿದರೆ? ಸದ್ದು ಜಾಸ್ತಿ, ತಾಳ ಇಲ್ಲ. ಹೃದಯ ಹೀಗೆ ಸುಮ್ನೆ ಅದುರುತ್ತಾ ಇರುತ್ತದೆ, ಒಂದು ಹನಿ ರಕ್ತವೂ ಮುಂದಕ್ಕೆ ಹೋಗುವುದಿಲ್ಲ. ಇದನ್ನು ವೈದ್ಯರು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಅನ್ನುತ್ತಾರೆ.

ಸಿನಿಮಾದಲ್ಲಿ ಶಾಕ್ ಕೊಟ್ಟು ನಿಂತ ಹೃದಯವನ್ನು ಸ್ಟಾರ್ಟ್ ಮಾಡುತ್ತಾರಲ್ಲ, ನಿಜವಾಗಿ ಆಗುವುದು ಅದಕ್ಕೆ ಉಲ್ಟಾ. ಶಾಕ್ ಎಲ್ಲ ಡೊಳ್ಳನ್ನೂ ಒಂದು ಕ್ಷಣ ಸುಮ್ಮನಾಗಿಸುತ್ತದೆ. ಆ ಮೌನದಲ್ಲಿ ಮುಂದೆ ನಿಂತವನು ಮತ್ತೆ ತಾಳ ಹಿಡಿದರೆ ಹೃದಯ ಬದುಕಿತು. ಈ ಶಾಕ್ ತಡವಾದಷ್ಟೂ ಕಷ್ಟ. ಏನೂ ಮಾಡದೆ ನಿಂತರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ಊರಿನ ಟ್ರಾಫಿಕ್‌ನಲ್ಲಿ 108 ಬರುವ ಹೊತ್ತನ್ನು ನೀವೇ ಲೆಕ್ಕ ಹಾಕಿ.

2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಪಾರ್ಕೆನ್ ಸ್ಟೇಡಿಯಂನಲ್ಲಿ ನಡೆದದ್ದನ್ನು ಪ್ರಪಂಚವೇ ಟಿವಿಯಲ್ಲಿ ನೋಡಿತು. ಯೂರೋ ಕಪ್‌ನ ಡೆನ್ಮಾರ್ಕ್–ಫಿನ್ಲೆಂಡ್ ಪಂದ್ಯ, ಮೊದಲರ್ಧ ಮುಗಿಯುತ್ತಾ ಬಂದಿತ್ತು. ಥ್ರೋ-ಇನ್ ಚೆಂಡಿನ ಕಡೆಗೆ ಬಂದ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಎರಡು ಹೆಜ್ಜೆ ತಡವರಿಸಿ ಮುಂದಕ್ಕೆ ಬಿದ್ದರು. ರೆಫರಿ ಆಂಥೊನಿ ಟೇಲರ್ ಆಟ ನಿಲ್ಲಿಸಿ ತಕ್ಷಣ ವೈದ್ಯರನ್ನು ಕರೆದರು. ನಾಯಕ ಸಿಮೊನ್ ಕ್ಯಾರ್ ಓಡಿ ಬಂದರು. ತಂಡದ ವೈದ್ಯ ಮಾರ್ಟೆನ್ ಬೋಸೆನ್ ಬಂದು ನೋಡಿದಾಗ ಎರಿಕ್ಸನ್ ಮಗ್ಗುಲಾಗಿ ಮಲಗಿದ್ದರು. ಉಸಿರಿತ್ತು, ನಾಡಿಯೂ ಸಿಕ್ಕಿತು. ನೋಡನೋಡುತ್ತಲೇ ಎರಡೂ ಇಲ್ಲವಾದವು. ಕೂಡಲೇ ಎದೆ ಒತ್ತುವುದು ಶುರುವಾಯಿತು. ಆಟಗಾರರು ಸುತ್ತ ಬೆನ್ನು ಮಾಡಿ ಗೋಡೆಯ ಹಾಗೆ ನಿಂತರು, ಕೆಲವರು ಅಳುತ್ತಿದ್ದರು. ಒಂದೇ ಒಂದು ಶಾಕ್. ಹೃದಯ ತಾಳಕ್ಕೆ ಬಂತು. ಮೈದಾನದ ವೈದ್ಯರ ತಂಡದಲ್ಲಿದ್ದ ಜರ್ಮನಿಯ ಯೆನ್ಸ್ ಕ್ಲೈನೆಫೆಲ್ಡ್ ಆಮೇಲೆ ಹೇಳಿದ ಪ್ರಕಾರ, ವಾಪಸ್ ಬಂದಿರಾ ಅಂತ ಕೇಳಿದ್ದಕ್ಕೆ ಎರಿಕ್ಸನ್, ಹೌದು ಬಂದಿದ್ದೇನೆ ಅಂದರಂತೆ. ನನಗಿನ್ನೂ 29 ಅಂತಲೂ ಅಂದರಂತೆ. ಈ ಸಾಲು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆಮೇಲೆ ಅವರ ಎದೆಯ ಚರ್ಮದ ಕೆಳಗೆ ಐಸಿಡಿ ಅನ್ನುವ ಸಣ್ಣ ಯಂತ್ರ ಕೂರಿಸಿದರು. ತಾಳ ತಪ್ಪಿದರೆ ಒಳಗಿನಿಂದಲೇ ಶಾಕ್ ಕೊಡುವ ಯಂತ್ರ ಅದು. ಇಟಲಿಯ ನಿಯಮದಂತೆ ಅದನ್ನಿಟ್ಟುಕೊಂಡು ಅಲ್ಲಿ ಆಡುವಂತಿರಲಿಲ್ಲ. ಹಾಗಾಗಿ ಅಲ್ಲಿನ ತಮ್ಮ ಕ್ಲಬ್ ಇಂಟರ್ ಮಿಲಾನ್ ಬಿಟ್ಟು 2022ರಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಸೇರಿದರು. 2024ರ ಯೂರೋದಲ್ಲಿ ಸ್ಲೊವೇನಿಯಾ ಎದುರು ಗೋಲು ಕೂಡ ಹೊಡೆದರು.

ಇಷ್ಟು ಗಟ್ಟಿಮುಟ್ಟಾದವರಿಗೆ ಹೀಗೆ ಯಾಕೆ, ಮೊದಲೇ ಪರೀಕ್ಷೆ ಮಾಡಿ ಹಿಡಿಯಬಹುದಲ್ವಾ ಅಂತ ಕೇಳುವವರಿದ್ದಾರೆ. ಕೆಲವರನ್ನು ಹಿಡಿಯಬಹುದು. 2003ರ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್‌ನಲ್ಲಿ, ಫ್ರಾನ್ಸಿನ ಲಿಯೋನ್‌ನಲ್ಲಿ ಕುಸಿದು ತೀರಿಕೊಂಡ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋಯೆ ಅವರಿಗೆ ಹೃದಯದ ಸ್ನಾಯು ದಪ್ಪಗಾಗುವ, ಹುಟ್ಟಿನಿಂದ ಬರುವ ಕಾಯಿಲೆ ಇತ್ತು. ಇಸಿಜಿ, ಎಕೋ ಮಾಡಿದರೆ ಇಂಥದ್ದು ಸಾಮಾನ್ಯವಾಗಿ ಸಿಗುತ್ತದೆ. ಆದರೆ ಎಲ್ಲವೂ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ 1996ರಿಂದ 2016ರವರೆಗೆ 11,168 ಎಳೆಯ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದರು. 42 ಜನರಲ್ಲಿ ಅಪಾಯದ ಕಾಯಿಲೆ ಸಿಕ್ಕಿತು. ಆಮೇಲೆ ಹೃದಯದ ಕಾರಣದಿಂದ ಹಠಾತ್ತಾಗಿ ಸತ್ತವರು 8 ಜನ. ಅವರಲ್ಲಿ 6 ಜನರ ಪರೀಕ್ಷೆ ಪೂರ್ತಿ ಸರಿಯಾಗಿಯೇ ಇತ್ತು. ಪರೀಕ್ಷೆ ಬೇಡ ಅಂತಲ್ಲ, ಮಾಡಿಸಲೇಬೇಕು. ಆದರೆ ಪರೀಕ್ಷೆ ಆಗಿದೆ ಅಂತ ಮೈದಾನದಲ್ಲಿ ಕೈಕಟ್ಟಿ ಕೂರುವ ಹಾಗಿಲ್ಲ.

ಮೈದಾನದಲ್ಲಿ ಮೊದಲ ಎಡವಟ್ಟು ಆಗುವುದು ಗುರುತಿಸುವುದರಲ್ಲೇ. ಹೃದಯ ನಿಂತವರ ಕಣ್ಣು ತೆರೆದೇ ಇರಬಹುದು. ಮಿದುಳಿಗೆ ರಕ್ತ ಹೋಗದೆ ಕೈಕಾಲು ಅದುರಬಹುದು. ನಮ್ಮಲ್ಲಿ ಆಗ ಏನು ಮಾಡುತ್ತಾರೆ? ಮೂರ್ಛೆರೋಗ ಅಂತ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಾರೆ. ಬಾಯಿಗೆ ನೀರು ಹಾಕುತ್ತಾರೆ. ನಾಲಿಗೆ ನುಂಗಿಬಿಡುತ್ತಾನೆ ಅಂತ ಹಲ್ಲು ಬಿಡಿಸಿ ಬೆರಳು ಹಾಕುತ್ತಾರೆ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ನೀರು ಶ್ವಾಸಕೋಶಕ್ಕೆ ಹೋಗಬಹುದು. ಕಬ್ಬಿಣಕ್ಕೆ ಯಾವ ಶಕ್ತಿಯೂ ಇಲ್ಲ. ಹೋಗುವುದು ಮಾತ್ರ ಚಿನ್ನದಂಥ ಒಂದು ನಿಮಿಷ.

ಇನ್ನೊಂದು ಮೋಸ ಉಸಿರಿನದ್ದು. ಹೃದಯ ನಿಂತ ಮೇಲೂ ಕೆಲವರು ನೀರಿನಿಂದ ತೆಗೆದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಾರೆ. ಗೊರಕೆಯಂಥ ಸದ್ದೂ ಬರಬಹುದು. ಉಸಿರಾಡ್ತಿದ್ದಾನೆ ಬಿಡಿ ಅಂತ ಸಮಾಧಾನಪಟ್ಟುಕೊಳ್ಳುವುದು ಇಲ್ಲೇ. ಅದು ಉಸಿರಲ್ಲ. ಫುಟ್‌ಬಾಲ್ ವೈದ್ಯರು ಇಟ್ಟುಕೊಂಡ ಸೂತ್ರ ಸರಳವಾಗಿದೆ. ಯಾರೂ ತಾಗದೆ ಆಟಗಾರ ಬಿದ್ದ, ಕರೆದರೆ ಓಗೊಡುತ್ತಿಲ್ಲ ಅಂದರೆ, ಬೇರೆ ಅಂತ ಖಾತ್ರಿಯಾಗುವವರೆಗೆ ಅದು ಹೃದಯದ್ದೇ ಅಂತ ತಿಳಿದು ಕೆಲಸ ಶುರು ಮಾಡಬೇಕು.

ಕೆಲಸ ಅಂದರೆ ಎದೆ ಒತ್ತುವುದು. ಒಂದು ತರಬೇತಿಯಲ್ಲಿ ನಾನು ಗೊಂಬೆಯ ಮೇಲೆ ಮಾಡಿ ನೋಡಿದ್ದೇನೆ. ಎದೆಯ ನಡುಮೂಳೆಯ ಕೆಳಭಾಗದಲ್ಲಿ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸುವಂತಿಲ್ಲ. ಭುಜದ ಭಾರ ಬಿಟ್ಟು 5ರಿಂದ 6 ಸೆಂಟಿಮೀಟರ್ ಕೆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆದ್ದು ಬರಲು ಬಿಡಬೇಕು, ಆಗಲೇ ಹೃದಯದೊಳಗೆ ರಕ್ತ ತುಂಬುವುದು. ಒಂದೂವರೆ ನಿಮಿಷಕ್ಕೆ ನನ್ನ ತೋಳು ನಡುಗಿತು. ಒತ್ತು ಆಳಕ್ಕೆ ಹೋಗುತ್ತಿಲ್ಲ ಅಂತ ಹೇಳಿಕೊಡುವವರು ಗದರಿದರು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಾಯಿಸುತ್ತಾರೆ. ಪಕ್ಕೆಲುಬು ಮುರಿಯಬಹುದಲ್ವಾ ಅಂತ ಕೇಳಿದೆ. ಮುರಿಯಬಹುದು, ಕೂಡಿಕೊಳ್ಳುತ್ತದೆ ಅಂದರು. ಈ ಒತ್ತುವಿಕೆ ಸಾಮಾನ್ಯವಾಗಿ ತಾಳ ಸರಿಮಾಡುವುದಿಲ್ಲ. ಶಾಕ್ ಬರುವವರೆಗೆ ಮಿದುಳಿಗೆ ಅಷ್ಟಿಷ್ಟು ರಕ್ತ ಕಳಿಸುತ್ತಾ ಇರುತ್ತದೆ. ಮುವಾಂಬಾ 78 ನಿಮಿಷ ಕಳೆದೂ ಮಿದುಳು ಕೆಡದೆ ಉಳಿದದ್ದು ಇದರಿಂದ. ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞ ಆಂಡ್ರ್ಯೂ ಡೀನರ್ ಗ್ಯಾಲರಿಯಿಂದ ಇಳಿದು ಬಂದು ಕೈಜೋಡಿಸಿದರು. ಒಟ್ಟು 15 ಶಾಕ್ ಕೊಟ್ಟರು. ಅವುಗಳ ನಡುವೆ ಒತ್ತುತ್ತಲೇ ಇದ್ದರು.

ಶಾಕ್ ಕೊಡುವ ಎಇಡಿ ಪೆಟ್ಟಿಗೆ ಊಟದ ಕ್ಯಾರಿಯರ್‌ನಷ್ಟು ಇರುತ್ತದೆ. ತೆರೆದರೆ ಅದೇ ಮಾತಾಡಿ ಹೇಳಿಕೊಡುತ್ತದೆ. ಒಂದು ಪ್ಯಾಡ್ ಬಲ ಕಾಲರ್ ಮೂಳೆಯ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಮೈ ಬೆವರಿದ್ದರೆ ಒರೆಸಬೇಕು, ಇಲ್ಲದಿದ್ದರೆ ಅಂಟುವುದಿಲ್ಲ. ತಾಳವನ್ನು ಅದೇ ಓದುತ್ತದೆ. ಶಾಕ್ ಬೇಡದ ಹೃದಯಕ್ಕೆ ಗುಂಡಿ ಒತ್ತಿದರೂ ಕೊಡುವುದಿಲ್ಲ. ಹಾಗಾಗಿ ಡಾಕ್ಟರೇ ಬೇಕು ಅಂತಿಲ್ಲ.

ಡೆನ್ಮಾರ್ಕ್ ಇದನ್ನು ಊರಿಗೇ ಕಲಿಸಿತು. 2005ರಿಂದ ಶಾಲೆಯಲ್ಲಿ, 2006ರಿಂದ ಡ್ರೈವಿಂಗ್ ಲೈಸೆನ್ಸ್ ಬೇಕಾದವರಿಗೆ ಈ ತರಬೇತಿ ಕಡ್ಡಾಯ. 2001ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ನೂರಕ್ಕೆ ಸುಮಾರು 21 ಜನರಿಗೆ ಮಾತ್ರ ಪಕ್ಕದಲ್ಲಿದ್ದವರು ಎದೆ ಒತ್ತಿದ್ದರು. 2010ಕ್ಕೆ ಅದು 45 ಆಯಿತು. ಅಷ್ಟರಲ್ಲಿ 30 ದಿನ ದಾಟಿ ಬದುಕಿದವರು ಶೇ 3.5ರಿಂದ 10.8ಕ್ಕೆ ಏರಿದ್ದರು. ನನಗೆ ಅತಿ ದೊಡ್ಡ ಭರವಸೆ ಕೊಡುವ ಅಂಕಿ ಇದು.

ಬೀಳುವವರು ಆಟಗಾರರೇ ಆಗಬೇಕಿಲ್ಲ. ಗ್ಯಾಲರಿಯಲ್ಲಿ ವಯಸ್ಸಾದವರು, ಬಿಪಿ, ಶುಗರ್ ಇರುವವರು ಸಾವಿರಗಟ್ಟಲೆ ಕೂತಿರುತ್ತಾರೆ. 2021ರ ಅಕ್ಟೋಬರ್‌ನಲ್ಲಿ ನ್ಯೂಕಾಸಲ್–ಟಾಟನ್‌ಹ್ಯಾಮ್ ಪಂದ್ಯದ ನಡುವೆ ಪ್ರೇಕ್ಷಕರೊಬ್ಬರು ಕುಸಿದಾಗ ಅದನ್ನು ಕಂಡು ರೆಫರಿಗೆ ಹೇಳಿದ್ದು ಆಟಗಾರ ಸೆರ್ಜಿಯೊ ರೆಗಿಲಾನ್. ಎರಿಕ್ ಡಯರ್ ಓಡಿ ಎಇಡಿ ತರಿಸಿದರು. ಆ ಪ್ರೇಕ್ಷಕರು ಬದುಕಿದರು.

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಮೈದಾನದಲ್ಲಿ ಎರಡು ದಿನದ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಟೂರ್ನಿ ಇತ್ತು. ಮಧ್ಯಾಹ್ನ ಎರಡರ ಬಿಸಿಲು. ಪೆಂಡಾಲ್, ಮೈಕು, ಕಪ್ಪು, ಮಜ್ಜಿಗೆ ಎಲ್ಲ ಇತ್ತು. ರಸ್ತೆ ಕಡೆಯ ದೊಡ್ಡ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಜನ ಎಲ್ಲ ಪಕ್ಕದ ಸಣ್ಣ ಬಾಗಿಲಿನಿಂದ ಒಬ್ಬೊಬ್ಬರೇ ನುಸುಳಿ ಬರುತ್ತಿದ್ದರು. ಸ್ಟ್ರೆಚರ್ ಅದರಲ್ಲಿ ತೂರುವುದಿಲ್ಲ. ಕಮಿಟಿಯ ಹುಡುಗರನ್ನು ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಯಾಕಣ್ಣ ಅಂದ ಒಬ್ಬ. ಹೇಳಿದೆ. ಅವನು ಮರುಮಾತಾಡದೆ ಓಡಿದ. ಹತ್ತು ನಿಮಿಷಕ್ಕೆ ಎದುರಿನ ಟೀ ಅಂಗಡಿಯಿಂದ ಕೈ ತಂದು ಬೀಗ ತೆಗೆದ. ಗೇಟು ತುಕ್ಕು ಹಿಡಿದಿತ್ತು. ನಾಲ್ಕು ಜನ ಸೇರಿ ತಳ್ಳಿದ ಮೇಲೆ ತೆರೆದುಕೊಂಡಿತು.