ಕಾಲೊನಿ ಬರಲಿಲ್ಲ, ಹಾಗಾದರೆ ಆ ಜೀನ್ ಅತ್ಯಗತ್ಯವೇ?

ಪ್ರಶ್ನೆ: ಇ. ಕೋಲಿಯಲ್ಲಿ ಒಂದು ಜೀನನ್ನು ಅಳಿಸಲು ಮೂರು ಸಲ ಪ್ರಯತ್ನಿಸಿದೆ. ಪ್ಲೇಟಿನಲ್ಲಿ ಒಂದೂ ಕಾಲೊನಿ (ಒಂದು ಕೋಶದಿಂದ ಬೆಳೆದ ಬ್ಯಾಕ್ಟೀರಿಯದ ಚುಕ್ಕೆ) ಬರಲಿಲ್ಲ. ಬ್ಯಾಕ್ಟೀರಿಯ ಬದುಕಲು ಆ ಜೀನ್ ಅತ್ಯಗತ್ಯ ಎಂದು ಬರೆಯಬಹುದೇ?

ಬರೆಯಬಾರದು. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಜೀನಿನ ಹೆಸರಷ್ಟೇ ಬದಲಾಗುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಅತ್ಯಗತ್ಯ ಜೀನನ್ನು ಕಳೆದುಕೊಂಡ ಕೋಶ ಕಾಲೊನಿ ಕೊಡುವುದಿಲ್ಲ, ನಿಜ. ಆದರೆ ಅಳಿಸುವುದೆಂದರೆ ಜೀನಿನ ಜಾಗದಲ್ಲಿ, ಕ್ಯಾನಮೈಸಿನ್ ಎಂಬ ಪ್ರತಿಜೀವಕವನ್ನು ತಾಳಿಕೊಳ್ಳುವ ಶಕ್ತಿ ಕೊಡುವ ಡಿಎನ್‌ಎ ತುಣುಕನ್ನು ಕೂರಿಸುವುದು. ಆ ಡಿಎನ್‌ಎ ಒಳಗೇ ಹೋಗದ ಕೋಶವೂ ಕ್ಯಾನಮೈಸಿನ್ ಪ್ಲೇಟಿನ ಮೇಲೆ ಕಾಲೊನಿ ಕೊಡುವುದಿಲ್ಲ. ಆ ತುಣುಕನ್ನು ತಯಾರಿಸಲು ಬಳಸುವ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ಎಳೆ ತಪ್ಪಿದ್ದರೂ ಕೊಡುವುದಿಲ್ಲ, ಕೋಶಗಳನ್ನು ಸರಿಯಾಗಿ ತೊಳೆಯದೆ ಉಪ್ಪು ಉಳಿದು, ವಿದ್ಯುತ್ ಹೊಡೆತದಿಂದ ಡಿಎನ್‌ಎಯನ್ನು ಒಳಸೇರಿಸುವ ಎಲೆಕ್ಟ್ರೊಪೊರೇಷನ್‌ನಲ್ಲಿ ಕಿಡಿ ಹಾರಿದರೂ ಕೊಡುವುದಿಲ್ಲ. ಸತ್ತದ್ದಕ್ಕೂ ಕೆಲಸ ಕೆಟ್ಟದ್ದಕ್ಕೂ ಸಿಗುವುದು ಅದೇ ಖಾಲಿ ಪ್ಲೇಟು. ಮೂರು ಸಲ ಮಾಡಿದರೆ ಮೂರು ಖಾಲಿ ಪ್ಲೇಟುಗಳಾಗುತ್ತವೆ, ಪುರಾವೆ ಆಗುವುದಿಲ್ಲ.

ಹಾಗಾದರೆ ಪುರಾವೆ ಯಾವುದು? ಮೊದಲು ಅದೇ ಜೀನಿನ ಎರಡನೇ ಪ್ರತಿಯೊಂದನ್ನು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರದ ಮೇಲೆ ಕೋಶಕ್ಕೆ ಕೊಡಿ. ಆಮೇಲೆ ಕ್ರೋಮೋಸೋಮಿನ ಪ್ರತಿಯನ್ನು ಅಳಿಸಿ. ಅದೇ ದಿನ, ಅದೇ ಡಿಎನ್‌ಎಯಿಂದ, ಎರಡನೇ ಪ್ರತಿ ಇರುವ ಕೋಶಗಳಲ್ಲಿ ಜೀನ್ ಸಲೀಸಾಗಿ ಅಳಿಸಿಹೋಗಿ, ಇಲ್ಲದವುಗಳಲ್ಲಿ ಏನೂ ಬರದಿದ್ದರೆ ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ. ಅಲ್ಲಿಗೂ ನಿಲ್ಲಬೇಡಿ. ಆ ಎರಡನೇ ಪ್ರತಿಯನ್ನು ಅರಾಬಿನೋಸ್ ಎಂಬ ಸಕ್ಕರೆ ಇದ್ದಾಗ ಮಾತ್ರ ಕೆಲಸ ಮಾಡುವ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಸ್ವಿಚ್) ಕೆಳಗೆ ಕೂರಿಸಿ. ಅರಾಬಿನೋಸ್ ಕೊಟ್ಟಷ್ಟು ಹೊತ್ತು ಕೋಶಗಳು ಬೆಳೆಯುತ್ತವೆ. ತೊಳೆದು ಗ್ಲುಕೋಸ್‌ಗೆ ಹಾಕಿದರೆ, ಆಗಲೇ ತಯಾರಾಗಿದ್ದ ಪ್ರೋಟೀನು ವಿಭಜನೆಯಿಂದ ವಿಭಜನೆಗೆ ಹಂಚಿಹೋಗಿ ತೆಳುವಾಗುತ್ತ, ಕೆಲವು ಪೀಳಿಗೆಗಳ ನಂತರ ಬೆಳವಣಿಗೆ ನಿಲ್ಲುತ್ತದೆ. ಆ ನಿಲುಗಡೆಯನ್ನು ನೀವು ಕಣ್ಣಾರೆ ನೋಡುತ್ತೀರಿ. ಖಾಲಿ ಪ್ಲೇಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು ದೊಡ್ಡದು. ನನ್ನ ವಿದ್ಯಾರ್ಥಿಗಳು ಈ ಪ್ರಯೋಗ ಮುಗಿಸದೆ ‘ಅತ್ಯಗತ್ಯ’ ಎಂಬ ಪದ ಬಳಸುವುದಿಲ್ಲ. ಅದು ನನಗೆ ಹೆಮ್ಮೆಯ ವಿಷಯ.

ಎರಡನೇ ಪ್ರತಿ ಕೊಟ್ಟರೂ ಅಳಿಸಲಾಗದಿದ್ದರೆ? ಆಪೆರಾನನ್ನು, ಅಂದರೆ ಒಟ್ಟಿಗೆ ಓದಲಾಗುವ ಜೀನ್‌ಗಳ ಸಾಲನ್ನು ನೋಡಿ. ನೀವು ಕೂರಿಸಿದ ತುಣುಕು ಮುಂದಿನ ಜೀನಿನ ಓದನ್ನೂ ತಡೆದಿರಬಹುದು, ಕೋಶ ಸತ್ತದ್ದು ಆ ಪಕ್ಕದ ಜೀನಿನಿಂದ ಇರಬಹುದು. ಡಿಕ್ಯಾಸ್9 (ಡಿಎನ್‌ಎಯನ್ನು ಕತ್ತರಿಸದೆ ಅದಕ್ಕೆ ಅಂಟಿಕೊಂಡು ಓದನ್ನು ತಡೆಯುವ ಪ್ರೋಟೀನು) ಬಳಸಿ ಜೀನನ್ನು ಅದುಮುವ ಕ್ರಿಸ್ಪರ್ ವಿಧಾನದಲ್ಲೂ ಇದೇ ತೊಡಕು.

ಜಪಾನಿನ ಕೆಯೊ ಸಂಗ್ರಹವನ್ನು ನೆನೆಯಿರಿ. 2006ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಇ. ಕೋಲಿಯ 4288 ಜೀನ್‌ಗಳನ್ನು ಒಂದೊಂದಾಗಿ ಅಳಿಸಲು ಹೊರಟು 3985ನ್ನು ಅಳಿಸಿದರು. ಉಳಿದ 303ನ್ನು ಅವರು ಅತ್ಯಗತ್ಯ ಎಂದು ಸಾರಲಿಲ್ಲ, ಅತ್ಯಗತ್ಯ ಇರಬಹುದಾದವು ಎಂದರು. 2009ರ ಮರುಪರೀಕ್ಷೆಯಲ್ಲಿ ಇದರ ತಿರುವುಮುರುವು ತಪ್ಪೂ ಸಿಕ್ಕಿತು: ಕೆಲವು ತಳಿಗಳಲ್ಲಿ ಜೀನ್ ತನ್ನ ಜಾಗದಿಂದ ಹೋಗಿತ್ತು, ಆದರೆ ಅದರ ಇನ್ನೊಂದು ಪ್ರತಿ ಕೋಶದೊಳಗೇ ಉಳಿದಿತ್ತು. ಕಾಲೊನಿ ಬಂದ ಮಾತ್ರಕ್ಕೂ ನಂಬುವಂತಿಲ್ಲ.

‘ಅಳಿಸುವ ಗೋಜೇ ಬೇಡ, ಟ್ರಾನ್ಸ್‌ಪೊಸಾನ್ ಸೀಕ್ವೆನ್ಸಿಂಗ್ ಮಾಡಿದರೆ ಎಲ್ಲ ತಿಳಿಯುತ್ತದೆ’ ಎಂದು ಕೆಲವರು ಹೇಳುತ್ತಾರೆ. ಟ್ರಾನ್ಸ್‌ಪೊಸಾನ್ ಎಂದರೆ ಜೀನೋಮಿನಲ್ಲಿ ಅಲ್ಲಲ್ಲಿ ಹಾರಿ ಕೂರುವ ಡಿಎನ್‌ಎ ತುಣುಕು; ಅದು ಎಲ್ಲೆಲ್ಲಿ ಕೂತಿದೆ ಎಂದು ಓದುವುದೇ ಈ ವಿಧಾನ. ಅದ್ಭುತವಾದದ್ದೇ. 2009ರಲ್ಲಿ ಸಾಲ್ಮೊನೆಲ್ಲಾ ಟೈಫಿಯಲ್ಲಿ ಸುಮಾರು 3,70,000 ಬೇರೆ ಬೇರೆ ಜಾಗಗಳಲ್ಲಿ ಟ್ರಾನ್ಸ್‌ಪೊಸಾನ್ ಕೂತದ್ದನ್ನು ಒಂದೇ ಸಲಕ್ಕೆ ಓದಿದರು. ಎಲ್ಲಿ ಕೂತ ಗುರುತಿಲ್ಲವೋ ಅಲ್ಲಿ ಅತ್ಯಗತ್ಯ ಜೀನ್ ಇರಬೇಕು ಎಂಬುದು ತರ್ಕ. ಆದರೆ ಇಲ್ಲಿಯೂ ಖಾಲಿ ಜಾಗವೇ ಸಾಕ್ಷಿ, ಹಳೆಯ ತಪ್ಪೇ ಮತ್ತೆ ಕಾದಿರುತ್ತದೆ. ಮ್ಯಾರಿನರ್ ಜಾತಿಯ ಟ್ರಾನ್ಸ್‌ಪೊಸಾನ್ ಟಿಎ ಎಂಬ ಎರಡಕ್ಷರ ಇರುವಲ್ಲಿ ಮಾತ್ರ ಕೂರುತ್ತದೆ. ಒಂದು ಪುಟ್ಟ ಜೀನಿನಲ್ಲಿ ಅಂಥ ನಾಲ್ಕೇ ಜಾಗಗಳಿವೆ, ನಿಮ್ಮ ಸಂಗ್ರಹದಲ್ಲಿ ಅರ್ಧದಷ್ಟು ಜಾಗಗಳು ಮಾತ್ರ ತುಂಬಿವೆ ಎನ್ನಿ. ನಾಲ್ಕೂ ಬರೀ ಆಕಸ್ಮಿಕವಾಗಿ ಖಾಲಿ ಉಳಿಯುವ ಸಾಧ್ಯತೆ 16ರಲ್ಲಿ 1. ಅಂಥ 160 ಪುಟ್ಟ ಜೀನ್‌ಗಳಿದ್ದರೆ ಸುಮಾರು 10 ಜೀನ್‌ಗಳು ಯಾವ ತಪ್ಪೂ ಇಲ್ಲದೆ ಅತ್ಯಗತ್ಯ ಜೀನ್‌ಗಳ ಪಟ್ಟಿಗೆ ಸೇರಿಬಿಡುತ್ತವೆ. ಇನ್ನೊಂದೆಡೆ ಎಫ್‌ಟಿಎಸ್‌ಕೆ ಜೀನಿನ ಮೊದಲ ಭಾಗ ಕೋಶ ವಿಭಜನೆಗೆ ಬೇಕೇ ಬೇಕು, ಕೊನೆಯ ಭಾಗ ಇಲ್ಲದೆಯೂ ನಡೆಯುತ್ತದೆ. ಆ ಕೊನೆಯಲ್ಲಿ ಕೂತ ಗುರುತುಗಳನ್ನು ಎಣಿಸಿ ‘ಅನಗತ್ಯ’ ಎಂದುಬಿಟ್ಟರೆ ಕೆಟ್ಟಿತು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಪುರಾವೆ ಎಲ್ಲ ಸರಿಯಿದ್ದು ಜೀನ್ ಅತ್ಯಗತ್ಯ ಎಂದೇ ಆಯಿತು ಎನ್ನಿ. ಯಾವುದರ ಜೊತೆಯಲ್ಲಿ ಅತ್ಯಗತ್ಯ? ಮ್ಯಾಜ್‌ಇ ಎಂಬ ಪ್ರತಿವಿಷದ ಜೀನನ್ನು ಮಾತ್ರ ತೆಗೆದರೆ ಇ. ಕೋಲಿ ಉಳಿಯದು. ಪಕ್ಕದ ಮ್ಯಾಜ್‌ಎಫ್ ಎಂಬ ವಿಷದ ಜೀನನ್ನೂ ಜೊತೆಗೇ ತೆಗೆದರೆ ಆರಾಮವಾಗಿ ಬೆಳೆಯುತ್ತದೆ. ತದ್ವಿರುದ್ಧವೂ ಉಂಟು: ಒಂದೇ ಕೆಲಸ ಮಾಡುವ ಎರಡು ಜೀನ್‌ಗಳಲ್ಲಿ ಯಾವ ಒಂದನ್ನು ತೆಗೆದರೂ ಕೋಶ ಬದುಕುತ್ತದೆ, ಎರಡನ್ನೂ ತೆಗೆದರೆ ಸಾಯುತ್ತದೆ. ಒಂದೊಂದಾಗಿ ಅಳಿಸುವ ಯಾವ ವಿಧಾನಕ್ಕೂ ಇಂಥ ಜೋಡಿ ಕಾಣಿಸುವುದಿಲ್ಲ. ಕ್ರೇಗ್ ವೆಂಟರ್ ಸಂಸ್ಥೆಯವರು ಕನಿಷ್ಠ ಜೀನ್‌ಗಳ ಕೋಶ ಕಟ್ಟಲು ಹೊರಟಾಗ ಈ ಜೋಡಿಗಳು ಅಡ್ಡ ಬಂದವು. ತೆಗೆದರೆ ಕೋಶ ಸಾಯದಿದ್ದರೂ ಕುಂಟುತ್ತ ಬೆಳೆಯುವಂಥ ಜೀನ್‌ಗಳನ್ನೂ ಉಳಿಸಿಕೊಳ್ಳಬೇಕಾಯಿತು. ಕೊನೆಗೆ 2016ರಲ್ಲಿ ನಿಂತ ಕೋಶದಲ್ಲಿ 473 ಜೀನ್‌ಗಳಿದ್ದವು. ಅವುಗಳಲ್ಲಿ 149 ಜೀನ್‌ಗಳು ಏನು ಮಾಡುತ್ತವೆ ಎಂಬುದು, ಅವುಗಳನ್ನು ಉಳಿಸಿಕೊಂಡವರಿಗೇ ಆಗ ತಿಳಿದಿರಲಿಲ್ಲ.