ಪುಸ್ತಕ ಬಚ್ಚಿಡುವವರನ್ನು ಹುಡುಕಿ

ಕೃಷಿ ವಿಭಾಗದ ಕಪಾಟಿನಲ್ಲಿ, ಅಡಿಕೆ ಬೇಸಾಯದ ಪುಸ್ತಕಗಳ ಹಿಂದೆ, ಒಂದು ಕಾದಂಬರಿ ಸಿಕ್ಕಿತು. ನಡುವೆ ಗುರುತಿಗೆ ಬಸ್ ಟಿಕೆಟ್. ತೆಗೆದು ಅದರ ಜಾಗಕ್ಕೆ ಸೇರಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅಡಿಕೆಯ ಹಿಂದೆಯೇ ಇದೆ. ಟಿಕೆಟ್ ಮಾತ್ರ ಐವತ್ತು ಪುಟ ಮುಂದೆ ಹೋಗಿತ್ತು.

ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೆಲ್ಲ ಈ ಕಳ್ಳಾಟ ಗೊತ್ತು. ನಾಳೆ ಬರುವಷ್ಟರಲ್ಲಿ ಬೇರೆಯವರು ಒಯ್ದುಬಿಟ್ಟರೆ ಎಂದು ಓದುಗರು ಪುಸ್ತಕ ಬಚ್ಚಿಡುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ತಪ್ಪು ಜಾಗದಲ್ಲಿ ಕೂತ ಪುಸ್ತಕ ಕಳೆದುಹೋದ ಹಾಗೆಯೇ ಅಲ್ವಾ? ಈಗ ಅವರನ್ನು ಹುಡುಕಿಕೊಂಡು ಹೋಗುತ್ತೇನೆ. ಬೈಯಲು ಅಲ್ಲ, ಸದಸ್ಯತ್ವದ ಅರ್ಜಿ ಕೊಡಲು.

ನಮ್ಮಲ್ಲಿಗೆ ದಿನವೂ ಬರುವವರು ಬಹಳ, ಸದಸ್ಯರು ಕಡಿಮೆ. ಬೆಳಗ್ಗೆ ಪೇಪರ್ ಓದುವ ಹಿರಿಯರು, ಬಾಗಿಲು ತೆಗೆಯುವ ಮೊದಲೇ ನಿಂತಿರುವ ಕೆಪಿಎಸ್‌ಸಿ ಹುಡುಗರು, ಬಸ್ಸಿಗೆ ಹೊತ್ತಿದೆ ಎಂದು ಫ್ಯಾನಿನ ಕೆಳಗೆ ಕೂರುವವರು. ‘ಮೆಂಬರ್ ಆಗಿ ಸಾರ್’ ಎಂದರೆ, ‘ಇಲ್ಲೇ ಓದ್ತೀನಲ್ಲ, ಅದ್ಯಾಕೆ?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಕೂತು ಓದಲು ಕಾರ್ಡ್ ಬೇಡ. ಪುಸ್ತಕ ಮನೆಗೆ ಬೇಕು ಅನಿಸಿದವರಿಗೆ ಮಾತ್ರ ಅದು ಬೇಕು. ಹಾಗಾಗಿ ‘ಸದಸ್ಯರಾಗಿ’ ಎಂಬ ಬೋರ್ಡು ಹಾಕಿ ಕೂರುವುದಕ್ಕಿಂತ, ಯಾರಿಗೆ ಯಾವ ಪುಸ್ತಕ ಅರ್ಧಕ್ಕೆ ನಿಂತಿದೆ ಎಂದು ಗಮನಿಸುವುದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇದನ್ನು ಕಲಿತದ್ದು ಪೆಟ್ಟು ತಿಂದೇ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಒಂದು ವರ್ಷ ನಾನು ಹುಮ್ಮಸ್ಸಿನಲ್ಲಿ ಒಂದು ಕಾಲೇಜಿಗೇ ಹೋಗಿ ರಾಶಿ ಅರ್ಜಿ ತುಂಬಿಸಿಕೊಂಡು ಬಂದೆ. ಫೋಟೊ ಆಯಿತು, ವರದಿ ಆಯಿತು. ಕಾರ್ಡುಗಳು ಮಾತ್ರ ಮಾರ್ಚ್ ಬಂದರೂ ನನ್ನ ಡ್ರಾಯರಿನಲ್ಲೇ ಇದ್ದವು. ಆ ಮಕ್ಕಳಿಗೆ ನಾನು ಕಾರ್ಡ್ ತೋರಿಸಿದ್ದೆ, ಪುಸ್ತಕ ತೋರಿಸಿರಲಿಲ್ಲ.

ಇನ್ನು ಅರ್ಜಿ. ಆಸೆ ಇದ್ದವರೂ ಇಲ್ಲಿ ಹಿಂದೆ ಸರಿಯುತ್ತಾರೆ. ಫೋಟೊ, ವಿಳಾಸದ ಪುರಾವೆ, ಠೇವಣಿ, ಕೆಲವು ಕಡೆ ಜಾಮೀನಿನ ಸಹಿ. ದುಡ್ಡಿಗಿಂತ ಆ ಸಹಿಯೇ ಭಾರ. ಒಂದು ಕಾದಂಬರಿಗಾಗಿ ಯಾರದೋ ಮನೆ ಬಾಗಿಲಿಗೆ ಹೋಗಿ ‘ಸ್ವಲ್ಪ ಸೈನ್ ಹಾಕಿ’ ಎಂದು ಹಲ್ಲು ಗಿಂಜಬೇಕು. ನಾನಾದರೂ ಹೋಗುತ್ತಿರಲಿಲ್ಲ. ಠೇವಣಿ ಎಂದರೆ ಶುಲ್ಕ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಅವರದೇ ದುಡ್ಡು, ಸದಸ್ಯತ್ವ ಬಿಟ್ಟಾಗ ವಾಪಸ್ ಬರುತ್ತದೆ. ಈ ಒಂದು ಮಾತನ್ನು ಕೌಂಟರಿನಲ್ಲಿ ಬಾಯಿ ಬಿಟ್ಟು ಹೇಳಬೇಕು. ಗೋಡೆಯ ಮೇಲಿನ ನಿಯಮಾವಳಿಯನ್ನು ಯಾರೂ ಓದುವುದಿಲ್ಲ. ಗ್ರಂಥಾಲಯವೇ ಆದರೂ!

ಮನೆ ಸ್ವಂತದ್ದಾದರೆ ಇನ್ನೊಂದು ಮಾತು ಹೇಳುತ್ತೇನೆ. ‘ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ.’ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದದ್ದು ಅದು. ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು. ಊಟದ ದುಡ್ಡು ಕೊಟ್ಟು ಎಲೆ ಮುಂದೆ ಕೂರದೆ ಹೋದ ಹಾಗಾಯ್ತಲ್ಲ ಎಂದು ಒಬ್ಬ ಮೇಷ್ಟ್ರು ಅಲ್ಲೇ ಅರ್ಜಿ ತುಂಬಿದರು. ಬಾಡಿಗೆಯವರ ಮುಂದೆ ಈ ಮಾತು ನಡೆಯುವುದಿಲ್ಲ.

ನಮ್ಮ ವೃತ್ತಿಯ ಹಿರಿಯಜ್ಜ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ನಾಲ್ಕನೆಯದು, ಓದುಗರ ಸಮಯ ಉಳಿಸಿ. ಇದನ್ನು ಪುಸ್ತಕ ಹುಡುಕಿಕೊಡುವುದಕ್ಕಷ್ಟೇ ಅನ್ವಯಿಸುತ್ತೇವೆ. ಅರ್ಜಿಗೂ ಅನ್ವಯಿಸಬೇಕು. ‘ನಾಳೆ ಬನ್ನಿ’ ಎಂದು ಕಳಿಸಿದ ಅರ್ಧ ಜನ ವಾಪಸ್ ಬರುವುದಿಲ್ಲ ಎಂಬುದು ನನ್ನ ಅಂದಾಜು.

ಹಳ್ಳಿಗಳಲ್ಲಿ ಇದನ್ನು ಚೆನ್ನಾಗಿಯೇ ಮಾಡಿದ್ದಾರೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಎಂದು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಠೇವಣಿಯ ಮಾತೇ ಇಲ್ಲ. ಮಗುವಿನ ಜೊತೆ ಬಂದ ತಾಯಿ ಬಾಗಿಲಲ್ಲೇ ನಿಲ್ಲುತ್ತಾರೆ. ಅವರನ್ನು ಒಳಗೆ ಕರೆಯುವುದು ನಮ್ಮ ಕೆಲಸ. ‘ಬನ್ನಿ ಅಮ್ಮಾ, ನಿಮಗೂ ಒಂದು ಪುಸ್ತಕ ನೋಡೋಣ’ ಎಂದರೆ ಸಾಕು.

ಸದಸ್ಯರಾದ ಮೇಲೆ ಮೊದಲ ಪುಸ್ತಕ ಮುಖ್ಯ. ಮೊದಲ ಸಲವೇ ದಪ್ಪ ಗ್ರಂಥ ಕೊಟ್ಟು ಕಳಿಸಬೇಡಿ. ಅವಧಿಯೊಳಗೆ ಓದಿ ಮುಗಿಯುವುದಿಲ್ಲ, ದಂಡ ಬೀಳುತ್ತದೆ ಎಂದು ನಾಚಿಕೆ, ಆಮೇಲೆ ಯಾರದೋ ಕೈಯಲ್ಲಿ ಪುಸ್ತಕ ವಾಪಸ್ ಬರುತ್ತದೆ. ಅವರು ಬರುವುದಿಲ್ಲ. ತೆಳ್ಳಗಿನ ಕಥಾಸಂಕಲನ ಕೊಡಿ. ತಡವಾದರೂ ಮೊದಲ ಸಲ ಮುಖ ಗಂಟು ಹಾಕಬೇಡಿ.

ಬಸ್ ಟಿಕೆಟ್ಟಿನ ಓದುಗ ಕೊನೆಗೂ ಸಿಕ್ಕರು. ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ‘ಮನೀಗೆ ಒಯ್ಯಬಾರದೇನ್ರೀ?’ ಎಂದು ಅವರದೇ ಧಾಟಿಯಲ್ಲಿ ಕೇಳಿದೆ. ‘ನನ್ನ ಆಧಾರ್ ಲಿಂಗಸುಗೂರಿಂದ್ರಿ. ಇಲ್ಲಿ ನಡೆಯಂಗಿಲ್ಲ ಅಂದ್ರು’ ಎಂದರು. ಹಾಗೆ ಅಂದಿದ್ದು ನಮ್ಮ ಕೌಂಟರಿನವರೇ. ಬಾಡಿಗೆ ಕರಾರು ಪತ್ರ ತನ್ನಿ ಎಂದೆ. ಅದೂ ಇರಲಿಲ್ಲ. ಅವರ ಮೇಲ್ವಿಚಾರಕರಿಂದ ಒಂದು ಪತ್ರ ಬರೆಸಿ, ಜಾಮೀನಿಗೆ ನಾನೇ ಸಹಿ ಹಾಕಿದೆ. ಅಡಿಕೆಯ ಹಿಂದಿನ ಕಾದಂಬರಿ ಅಂದೇ ಅವರ ಊಟದ ಚೀಲ ಸೇರಿತು.

ಮೊನ್ನೆ ಧೂಳು ಹೊಡೆಯುವಾಗ ಅದೇ ಜಾಗದಲ್ಲಿ ಇನ್ನೊಂದು ಪುಸ್ತಕ. ಮಕ್ಕಳ ಕಥೆ, ಗುರುತಿಗೆ ಚಾಕೊಲೇಟ್ ಕಾಗದ. ಅಲ್ಲೇ ಬಿಟ್ಟಿದ್ದೇನೆ. ಶಾಲೆ ಬಿಡುವ ಹೊತ್ತಿಗೆ ಆ ಕಪಾಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ.