ವಾಶ್ ಬಿಟ್ಟು ಮಲಗಿದೆ, ಬೆಳಗಾಗುವಷ್ಟರಲ್ಲಿ ಮೊಣಕಾಲು ಸೀಳಿತ್ತು

ಪ್ರಶ್ನೆ: ಸರ್, ಪ್ಲಾಸ್ಟಿಕ್ ರೋಬಾಟ್ ಮಾಡೆಲ್ ಕಿಟ್ ಒಂದನ್ನು ಎರಡು ವಾರ ಕೂತು ಜೋಡಿಸಿದೆ. ಯುದ್ಧ ಕಂಡು ಬಂದ ಯಂತ್ರದ ಹಾಗೆ ಕಾಣಲಿ ಅಂತ ರಾತ್ರಿ ಗೆರೆಗಳಿಗೆಲ್ಲ ಕಪ್ಪು ಎನಾಮಲ್ ವಾಶ್ (ಥಿನ್ನರ್ ಬೆರೆಸಿ ನೀರಾಗಿಸಿದ ಬಣ್ಣ) ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮೊಣಕಾಲಿನ ಹತ್ತಿರ ಪ್ಲಾಸ್ಟಿಕ್ ಸೀಳಿದೆ. ಕೆಳಗೆ ಬಿದ್ದಿಲ್ಲ, ಯಾರೂ ಮುಟ್ಟಿಲ್ಲ. ಕಿಟ್ಟೇ ಸರಿ ಇರಲಿಲ್ಲವೇ?

ಉತ್ತರ: ಕಿಟ್ ಸರಿಯಾಗಿಯೇ ಇತ್ತು. ಇದು ಈ ಹವ್ಯಾಸಕ್ಕೆ ಇಳಿದವರಲ್ಲಿ ಬಹಳ ಜನ ಕಟ್ಟುವ ಸುಂಕ. ನಾನು ಎರಡು ಸಲ ಕಟ್ಟಿದ್ದೇನೆ, ಎರಡನೆಯ ಸಲವಂತೂ ಗೊತ್ತಿದ್ದೂ ಗೊತ್ತಿದ್ದೂ.

ಚಿಕ್ಕಂದಿನಲ್ಲಿ ಊದಿದ ಬಲೂನಿನ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ ಢಬ್ ಅನ್ನಿಸಿದ್ದು ನೆನಪಿದೆಯೇ? ಅದೇ ಸಿಪ್ಪೆಯನ್ನು ಊದದ ಜೋಲು ಬಲೂನಿನ ಮೇಲೆ ಹಿಂಡಿದರೆ ಅದು ಒಡೆಯುವುದಿಲ್ಲ. ಸಿಪ್ಪೆಯ ಎಣ್ಣೆಯೊಂದೇ ಸಾಲದು, ರಬ್ಬರು ಬಿಗಿದೂ ಇರಬೇಕು. ನಿಮ್ಮ ಮೊಣಕಾಲಿಗೆ ಆದದ್ದೂ ಹೆಚ್ಚುಕಡಿಮೆ ಇದೇ. ಕಿಟ್‌ಗಳ ಪ್ಲಾಸ್ಟಿಕ್ ಬಹುಪಾಲು ಪಾಲಿಸ್ಟೈರೀನ್. ಅದರ ಉದ್ದುದ್ದ ಅಣುಗಳು ಬೆಂದ ಶಾವಿಗೆಯ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಗಟ್ಟಿತನಕ್ಕೆ ಆ ಸಿಕ್ಕೇ ಆಧಾರ. ಎನಾಮಲ್ ಥಿನ್ನರ್ ಅದನ್ನು ನೇರವಾಗಿ ಕರಗಿಸುವಷ್ಟು ಜೋರಿನದಲ್ಲ, ಎಳೆತವಿಲ್ಲದ ಕಡೆ ಸವರಿದರೆ ಸುಮ್ಮನೆ ಆರಿಹೋಗುತ್ತದೆ. ಎಳೆತವಿರುವ ಕಡೆ ಮಾತ್ರ ಎಳೆಗಳ ನಡುವೆ ನುಸುಳಿ ಹಿಡಿತ ಸಡಿಲಿಸುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಅದರೊಳಕ್ಕೂ ಹರಿದು ಬಿರುಕಿನ ತುದಿಯನ್ನು ಮುಂದೆ ಮುಂದೆ ತಳ್ಳುತ್ತದೆ.

ಯಾರೂ ಮುಟ್ಟದ ಕಾಲಿನಲ್ಲಿ ಎಳೆತ ಎಲ್ಲಿಂದ ಬಂತು ಅಂತ ಕೇಳಬಹುದು. ಗೋಂದು ಬೇಡದ ಜೋಡಣೆಯಿಂದ ಬಂತು. ಜಪಾನಿನ ಬಾಂಡಾಯ್ ಕಂಪನಿ 1980ರ ಜುಲೈನಲ್ಲಿ ತಂದ, ಟಿವಿ ಕಾರ್ಟೂನಿನ ರೋಬಾಟ್ ಗಂಡಮ್‌ನ ಮೊದಲ ಕಿಟ್ 1/144 ಅಳತೆಯದು, ಬೆಲೆ 300 ಯೆನ್. ಅದನ್ನು ಗೋಂದು ಹಾಕಿಯೇ ಅಂಟಿಸಬೇಕಿತ್ತು. ಈಗಿನವು ಚಿಟಕ್ ಅಂತ ಒತ್ತಿದರೆ ಕೂರುತ್ತವೆ. ಹಾಗೆ ಕೂರಬೇಕಾದರೆ ಗೂಟ ತೂತಿಗಿಂತ ಒಂದು ಕೂದಲು ದಪ್ಪ ಇರಬೇಕು, ತೂತಿನ ಸುತ್ತಲ ಗೋಡೆ ಹಗಲೂ ರಾತ್ರಿ ಹಿಗ್ಗಿಕೊಂಡೇ ನಿಂತಿರಬೇಕು. ಊದಿದ ಬಲೂನಿನ ಹಾಗೆಯೇ. ನೀವು ಜೋಡಿಸಿ ಮುಗಿಸಿದ ಮೇಲೆ ವಾಶ್ ಬಿಟ್ಟಿರಿ, ಅದು ಕೀಲಿನ ಸಂದಿಗೆ ಇಳಿದು ಗಾಳಿಯಾಡದೆ ಗಂಟೆಗಟ್ಟಲೆ ಅಲ್ಲೇ ಕೂತಿತು.

ನಂಬಿಕೆ ಬಾರದಿದ್ದರೆ ಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟು, ಅಂದರೆ ರನ್ನರ್‌ನ ಎರಡು ತುಂಡು ತೆಗೆದುಕೊಂಡು, ಬಿಲ್ಲಿನಂತೆ ಬಗ್ಗಿಸಿ ದಾರ ಕಟ್ಟಿ, ಒಂದರ ಬೆನ್ನಿಗೆ ಮಾತ್ರ ಥಿನ್ನರ್ ಸವರಿ ನೋಡಿ. ನನ್ನ ಮೇಜಿನ ಮೇಲೆ ಒಣ ತುಂಡು ಬಾಗಿಕೊಂಡು ಹಾಗೇ ಕೂತಿತ್ತು. ಒದ್ದೆ ತುಂಡಿನ ಹೊರಬಾಗಿನಲ್ಲಿ ಮೊದಲು ಅಡ್ಡಡ್ಡಲಾಗಿ ಬೆಳ್ಳನೆಯ ಸಣ್ಣ ಗೆರೆಗಳು ಎದ್ದವು, ಆಮೇಲೆ ಟಕ್. ಕಣ್ಣಿಗೆ ರಕ್ಷಣೆ ಇರಲಿ, ತುಂಡು ಎಲ್ಲಿಗೆ ಬೇಕಾದರೂ ಹಾರುತ್ತದೆ.

ರನ್ನರ್ ಪಟ್ಟಿಯ ಮೇಲೆ ಪಿಎಸ್ (ಪಾಲಿಸ್ಟೈರೀನ್), ಎಬಿಎಸ್, ಪಿಇ ಅಂತ ಪ್ಲಾಸ್ಟಿಕ್‌ನ ಜಾತಿ ಹೇಳುವ ಉಬ್ಬಕ್ಷರ ಇರುತ್ತದೆ, ಎಸೆಯುವ ಮುಂಚೆ ಓದಿಕೊಳ್ಳಿ. ಎಬಿಎಸ್ ಅಂತ ಇರುವ ಭಾಗಗಳ ಹತ್ತಿರ ಎನಾಮಲ್ ಥಿನ್ನರ್ ಸುಳಿಯಲೇಬಾರದು ಅನ್ನುವುದು ನನ್ನ ನಿಯಮ. ಕೀಲುಗಳಿಗೆ ಬಳಸುತ್ತಿದ್ದದ್ದು ಹೆಚ್ಚಾಗಿ ಅದನ್ನೇ, ಬೇಗ ಸೀಳುವುದೂ ಅದೇ.

ಹಾಗಂತ ವಾಶ್ ಹಾಕಲೇಬೇಡಿ ಅನ್ನಲಾರೆ. ವಾಶ್ ಕಾಣದ ಯಂತ್ರ ತೊಳೆದು ಬೋರಲು ಹಾಕಿದ ಸ್ಟೀಲ್ ಡಬ್ಬಿಯ ಹಾಗಿರುತ್ತದೆ. ಕೆಲಸದ ಕ್ರಮ ಬದಲಾಯಿಸಿ, ಅಷ್ಟೇ. ಬಣ್ಣಕ್ಕೆ ಮುಂಚೆ ಭಾಗಗಳನ್ನು ಬಿಚ್ಚಿಕೊಳ್ಳಿ. ಬಿಗಿ ಗೂಟಗಳ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಆಮೇಲೆ ಬಿಚ್ಚುವುದೂ ಸುಲಭ, ಎಳೆತವೂ ಕಡಿಮೆ. ಪ್ರೈಮರ್ (ತಳದ ಬಣ್ಣ), ಅದರ ಮೇಲೆ ಲ್ಯಾಕರ್ ಬಣ್ಣ, ಅದರ ಮೇಲೆ ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದು ಒಂದು ದಿನ ಒಣಗಲು ಬಿಡಿ. ಆರಿದ ಲ್ಯಾಕರನ್ನು ಎನಾಮಲ್ ಥಿನ್ನರ್ ಕದಲಿಸುವುದಿಲ್ಲ, ಪ್ಲಾಸ್ಟಿಕ್‌ಗೆ ಅದೇ ರೇನ್‌ಕೋಟು. ಹೊಳಪು ಬೇಕೇ ಬೇಕು. ನುಣುಪಿನ ಮೇಲೆ ವಾಶ್ ಗೆರೆಗುಂಟ ತಾನಾಗಿ ಓಡುತ್ತದೆ, ಹೊಳಪಿಲ್ಲದ ಮ್ಯಾಟ್ ಮೇಲೆ ಬಿಟ್ಟರೆ ಒದ್ದೆ ಗೋಡೆಯ ಕಲೆಯಂತೆ ಹರಡುತ್ತದೆ. ಕುಂಚದ ತುದಿಯಷ್ಟು ಬಿಡಿ, ಹತ್ತು ಹದಿನೈದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿ. ಕಡ್ಡಿ ಥಿನ್ನರ್‌ನಲ್ಲಿ ತೇವವಾಗಿದ್ದರೆ ಸಾಕು, ತೊಟ್ಟಿಕ್ಕಬಾರದು. ರಾತ್ರಿಯೆಲ್ಲ ಒಣಗಿದ ಮೇಲೆ ಮ್ಯಾಟ್ ಕ್ಲಿಯರ್ ಹೊಡೆದು ಕೊನೆಗೆ ಜೋಡಿಸಿ. ಮಳೆಗಾಲದ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಇದ್ದರೆ ಮ್ಯಾಟ್ ಹೊಡೆಯಲು ಬಿಸಿಲು ಬಂದ ದಿನಕ್ಕೆ ಕಾಯಿರಿ, ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೂದಿ ಹಿಡಿದಂತಾಗುತ್ತದೆ. ಇಷ್ಟೆಲ್ಲ ಬೇಡ, ಬರಿಯ ಪ್ಲಾಸ್ಟಿಕ್ ಮೇಲೇ ಗೆರೆ ಎಳೆಯುತ್ತೇನೆ ಅನ್ನುವವರಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾಶ್ ಇದೆ. ಅದು ಎನಾಮಲ್‌ನಷ್ಟು ಚೆಂದ ಓಡುವುದಿಲ್ಲ, ಆದರೆ ಕಾಲು ಉಳಿಯುತ್ತದೆ.

ಇನ್ನೊಂದು ಮಾತು. ಹಾರ್ಡ್‌ವೇರ್ ಅಂಗಡಿಯಲ್ಲಿ ಥಿನ್ನರ್ ಅಂತಷ್ಟೇ ಕೇಳಿದರೆ ಕೆಲವು ಸಲ ಎನ್‌ಸಿ ಥಿನ್ನರ್ (ನೈಟ್ರೊಸೆಲ್ಯುಲೋಸ್ ಬಣ್ಣಕ್ಕೆ ಬೆರೆಸುವ ಜೋರಿನ ಥಿನ್ನರ್) ಕೊಟ್ಟುಬಿಡುತ್ತಾರೆ. ಅದು ಪಾಲಿಸ್ಟೈರೀನನ್ನು ಸೀಳುವುದಲ್ಲ, ನೇರ ಕರಗಿಸಿಬಿಡುತ್ತದೆ. ಬ್ರಷ್ ತೊಳೆಯಲೂ ಅದನ್ನು ಕಿಟ್ ಇರುವ ಮೇಜಿಗೆ ತರಬೇಡಿ.

ಈಗ ನಿಮ್ಮ ಮೊಣಕಾಲು. ಮೊದಲು ಬಿಚ್ಚಿ ಒಂದೆರಡು ದಿನ ಗಾಳಿಗೆ ಇಡಿ, ಒಳಗೆ ಥಿನ್ನರ್ ಉಳಿದಿದ್ದರೆ ಏನು ಅಂಟಿಸಿದರೂ ಪಕ್ಕದಲ್ಲಿ ಮತ್ತೆ ಸೀಳುತ್ತದೆ. ಪಿಎಸ್ ಆಗಿದ್ದರೆ ಬಿರುಕಿನ ಬಾಯಿಗೆ ನೀರಿನಂತಿರುವ ತೆಳು ಸಿಮೆಂಟಿನ (ಪ್ಲಾಸ್ಟಿಕ್ ಮಾಡೆಲ್ ಅಂಟಿಸುವ ಗೋಂದಿನ) ಒಂದು ಹನಿ ಮುಟ್ಟಿಸಿ, ತಾನೇ ಒಳಕ್ಕೆ ಹೀರಿಕೊಳ್ಳುತ್ತದೆ. ಒತ್ತಿ ಹಿಡಿದು, ಒಂದು ದಿನ ಬಿಟ್ಟು ಮರಳುಕಾಗದ ಉಜ್ಜಿ. ಎಬಿಎಸ್ ಆಗಿದ್ದರೆ ಅದಕ್ಕೆಂದೇ ಮಾಡಿದ ಸಿಮೆಂಟ್ ಬೇಕು. ಗೂಟವೇ ಮುರಿದಿದ್ದರೆ ಕೈ ಡ್ರಿಲ್‌ನಿಂದ ಎರಡೂ ಕಡೆ 1 ಮಿ.ಮೀ. ತೂತು ಕೊರೆದು, ಹಿತ್ತಾಳೆ ತಂತಿಯ ತುಂಡು ಇಳಿಸಿ ಸೂಪರ್ ಗ್ಲೂ ಹಾಕಿ. ಮತ್ತೆ ಜೋಡಿಸುವ ಮುಂಚೆ ತೂತನ್ನು ಒಂದಿಷ್ಟು ಕೆರೆದು ಸಡಿಲ ಮಾಡುವುದನ್ನು ಮರೆಯಬೇಡಿ. ನಾನು ಎರಡನೆಯ ಸಲ ಮರೆತದ್ದು ಅದನ್ನೇ.